ಮಗನ ಸೀಟು ಬೇರೆ ಯಾರಿಗೋ ಹೋಯ್ತಾ?

ಪ್ರಶ್ನೆ: ನಾವು ನ್ಯೂಜೆರ್ಸಿಯಲ್ಲಿದೀವಿ. ಮಗನಿಗೆ ಎಸ್‌ಎಟಿಯಲ್ಲಿ (ಕಾಲೇಜು ಪ್ರವೇಶದ ಪರೀಕ್ಷೆ) 1600ಕ್ಕೆ 1560, ಎಪಿ ಕೋರ್ಸ್ (ಹೈಸ್ಕೂಲಲ್ಲೇ ಓದೋ ಕಾಲೇಜು ಮಟ್ಟದ ಪಾಠ) 11, ಸ್ಕೂಲಲ್ಲಿ ಎಲ್ಲಾ ಸಬ್ಜೆಕ್ಟಲ್ಲೂ ಎ. ಹಾರ್ವರ್ಡ್, ಯೇಲ್, ಎಂಐಟಿ ಸೇರಿ ಎಂಟು ಕಡೆ ದೊಡ್ಡ ಕಾಲೇಜಿಗೆ ಹಾಕಿದ್ದ, ಎಂಟೂ ಕಡೆ ರಿಜೆಕ್ಟ್. ಈಗ ಇಲ್ಲಿಯ ಸರ್ಕಾರಿ ವಿಶ್ವವಿದ್ಯಾಲಯ ರಟ್ಗರ್ಸ್‌ಗೆ ಹೋಗ್ತಾನೆ. ಅವನ ಕ್ಲಾಸಲ್ಲೇ ಇರೋ ಒಬ್ಬ ಬ್ಲ್ಯಾಕ್ ಹುಡುಗ, ಅವನ ಫ್ರೆಂಡೇ, ಸ್ಕೋರ್ ಇವನಿಗಿಂತ ಕಡಿಮೆ, ಅವನಿಗೆ ಯೇಲ್ ಸಿಕ್ತು. 2023ರಲ್ಲಿ ಸುಪ್ರೀಂ ಕೋರ್ಟೇ ಜನಾಂಗ ನೋಡಬೇಡಿ ಅಂದ ಮೇಲೂ ಇದು ಹೇಗೆ? ಡೈವರ್ಸಿಟಿ ಹೆಸರಲ್ಲಿ ನಮ್ಮ ಮಕ್ಕಳ ಸೀಟು ಹೋಗ್ತಿಲ್ವಾ? ಮಗಳು ಈಗ ಹತ್ತನೇ ಕ್ಲಾಸ್. ಇಂಡಿಯನ್ ಅನ್ನೋದು ಆದಷ್ಟು ಕಾಣದ ಹಾಗೆ ಅಪ್ಲಿಕೇಶನ್ ಮಾಡಿಸಿ, ಭರತನಾಟ್ಯ ಬಿಡಿಸಿ ಬೇರೇನಾದ್ರೂ ಸೇರಿಸಿ ಅಂತ ಕೆಲವರು ಹೇಳ್ತಿದಾರೆ. ಏನ್ ಮಾಡ್ಲಿ?

ಉತ್ತರ:

ಮೊದಲು ನಿಮ್ಮ ಮಗನ ವಿಷಯ. ಹನ್ನೆರಡು ವರ್ಷ ಕಷ್ಟಪಟ್ಟು ಓದಿದ ಹುಡುಗ ಒಂದರ ಹಿಂದೆ ಒಂದು ಎಂಟು ಸಲ "ಇಲ್ಲ" ಅನ್ನಿಸ್ಕೊಂಡ್ರೆ ಮನೆಯಲ್ಲಿ ಯಾರಿಗೂ ಊಟ ಸೇರಲ್ಲ, ಅದು ನಂಗೆ ಗೊತ್ತು. ನಾನು ಕೆಲವು ವರ್ಷ ಒಂದು ಕಾಲೇಜಿನ ಅಡ್ಮಿಷನ್ ಆಫೀಸಲ್ಲಿ ಕೂತು ಈ ಫೈಲ್‌ಗಳನ್ನ ಓದೋ ಕೆಲಸ ಮಾಡಿದೀನಿ, ಆಮೇಲೆ ಆ ಕಡೆಯಿಂದ ಈ ಕಡೆ ಬಂದು ಹೈಸ್ಕೂಲ್ ಮಕ್ಕಳ ಜೊತೆ ಕೆಲಸ ಮಾಡ್ತಿದೀನಿ, ಹಾಗಾಗಿ "ಇಲ್ಲ" ಅನ್ನೋ ಆ ಕಾಗದ ಬರೆಯೋರನ್ನೂ ನೋಡಿದೀನಿ, ಅದನ್ನ ಓದಿ ಅಳೋರನ್ನೂ ನೋಡಿದೀನಿ. ನೇರವಾಗಿ ಹೇಳ್ಬಿಡ್ತೀನಿ: ಅನ್ಯಾಯ ಇದೆ ಅಂತ ನಿಮಗೆ ಅನ್ನಿಸಿರೋದು ಸರಿ. ಆದ್ರೆ ನೀವು ಬೆರಳು ತೋರಿಸ್ತಿರೋ ಬಾಗಿಲು ಸರಿಯಿಲ್ಲ. ಸೀಟುಗಳು ಹೋಗ್ತಿರೋ ದೊಡ್ಡ ಬಾಗಿಲು ಬೇರೆ ಕಡೆ ಇದೆ, ಅಲ್ಲಿ ಯಾರೂ ಅಷ್ಟಾಗಿ ಕಾವಲು ನಿಂತಿಲ್ಲ.

ಸ್ಕೋರ್‌ನಿಂದಾನೇ ಶುರು ಮಾಡೋಣ, ಯಾಕಂದ್ರೆ ನಿಮ್ಮ ನೋವೆಲ್ಲಾ ಅದರ ಮೇಲೇ ನಿಂತಿದೆ. ನೀವು ಹೇಳಿದ 2023ರ ತೀರ್ಪು ಬಂದಿದ್ದು, ಏಷ್ಯನ್ ಮಕ್ಕಳಿಗೆ ಅನ್ಯಾಯ ಆಗ್ತಿದೆ ಅಂತ ಹಾರ್ವರ್ಡ್ ಮೇಲೆ ಹಾಕಿದ್ದ ಕೇಸಲ್ಲಿ; ಅಲ್ಲಿ ಕೋರ್ಟ್ ಮುಂದೆ ಬಂದ ಒಂದು ಲೆಕ್ಕ ಇದೆ. 2019ರಲ್ಲಿ ಡಿಗ್ರಿ ಮುಗಿಸಬೇಕಿದ್ದ ಬ್ಯಾಚಿಗೆ ಅಮೆರಿಕದ ಒಳಗಿಂದಲೇ ಸುಮಾರು 26,000 ಅರ್ಜಿ ಬಂದಿತ್ತು. ಅದರಲ್ಲಿ 8,000ಕ್ಕೂ ಹೆಚ್ಚು ಮಕ್ಕಳಿಗೆ ಪರ್ಫೆಕ್ಟ್ ಜಿಪಿಎ, ಅಂದ್ರೆ ಸ್ಕೂಲಿನ ಸರಾಸರಿ ಗ್ರೇಡು. ಗಣಿತದ ಎಸ್‌ಎಟಿಯಲ್ಲಿ ಪೂರ್ತಿ ಅಂಕ ತೆಗೆದವರು 3,400 ಜನಕ್ಕೂ ಮೇಲೆ, ಇಂಗ್ಲಿಷ್ ಭಾಗದಲ್ಲಿ ಪೂರ್ತಿ ತೆಗೆದವರು 2,700ರ ಹತ್ರ. ಒಳಗೆ ಜಾಗ ಇರೋದು ಸುಮಾರು 1,600. ಅಂದ್ರೆ ಬರೀ ಅಂಕ ನೋಡಿ, ಬೇರೆ ಏನನ್ನೂ ನೋಡದೆ, ಪರ್ಫೆಕ್ಟ್ ಜಿಪಿಎ ಇರೋರನ್ನಷ್ಟೇ ತಗೊಳ್ತೀವಿ ಅಂತ ಕೂತರೂ ಐದು ಜನರಲ್ಲಿ ನಾಲ್ಕು ಜನರನ್ನ ವಾಪಸ್ ಕಳಿಸಬೇಕು. 1560 ತುಂಬಾ ದೊಡ್ಡ ಸ್ಕೋರೇ, ಇಲ್ಲ ಅಂತ ಯಾರಂತಾರೆ, ಆದ್ರೆ ಆ ರೂಮಿನಲ್ಲಿ ಅದು "ಈ ಹುಡುಗ ಇಲ್ಲಿ ಓದಬಲ್ಲ" ಅನ್ನೋದಕ್ಕೆ ಸಾಕ್ಷಿ ಅಷ್ಟೇ. ಅಲ್ಲಿಂದ ಮುಂದೆ ಲೆಕ್ಕ ಬೇರೆ.

ಒಂದೇ ಪರೀಕ್ಷೆ, ಒಂದೇ ರ್ಯಾಂಕ್ ಪಟ್ಟಿ, ಮೇಲಿಂದ ಕೆಳಗೆ ಕರೀತಾ ಬರೋದು, ಹಿಂಗೆ ನೋಡಿ ಬೆಳೆದವರಿಗೆ ಈ "ಮುಂದಿನ ಲೆಕ್ಕ" ಅನ್ನೋದೇ ಮೋಸದ ಥರ ಕಾಣತ್ತೆ. ಹಾರ್ವರ್ಡಲ್ಲಿ ಒಂದು ಫೈಲಿಗೆ ಓದು, ಓದಿನಾಚೆಯ ಚಟುವಟಿಕೆ, ಕ್ರೀಡೆ, ವ್ಯಕ್ತಿತ್ವ ಅಂತ ಬೇರೆಬೇರೆ ನಂಬರ್ ಕೊಡ್ತಾರೆ, 1 ಅಂದ್ರೆ ಮೇಲು, 6 ಅಂದ್ರೆ ಕೆಳಗೆ. ಆಮೇಲೆ ಸುಮಾರು 40 ಜನ ಕೂತು ಓಟು ಹಾಕ್ತಾರೆ. ಕೊನೆಗೆ ಬ್ಯಾಚು ಸ್ವಲ್ಪ ಜಾಸ್ತಿಯಾದ್ರೆ "ಲಾಪ್" ಅಂತ ಒಂದು ಹಂತ ಇತ್ತು, ಅಂದ್ರೆ ಕೊಂಬೆ ಕತ್ತರಿಸಿದ ಹಾಗೆ ಕತ್ತರಿಸೋದು, ಆಗ ಪಟ್ಟಿಯಲ್ಲಿ ಕಾಣ್ತಿದ್ದದ್ದು ನಾಲ್ಕೇ ವಿಷಯ: ಅಪ್ಪ ಅಮ್ಮ ಇಲ್ಲೇ ಓದಿದಾರಾ, ಕ್ರೀಡೆಗೆ ಕರೆಸಿಕೊಂಡವರಾ, ಹಣದ ಸಹಾಯ ಬೇಕಾ, ಯಾವ ಜನಾಂಗ. ಇದು 2023ರ ತೀರ್ಪಿನಲ್ಲೇ ಬರೆದಿದೆ. ಆ ನಾಲ್ಕರಲ್ಲಿ ಕೋರ್ಟು ತೆಗೆದುಹಾಕಿದ್ದು ಕೊನೇದನ್ನ ಮಾತ್ರ, ಮೊದಲ ಎರಡು ಹಾಗೇ ಉಳಿದ್ವು. ಇದನ್ನ ನೆನಪಿಟ್ಕೊಳ್ಳಿ, ಮತ್ತೆ ಬರ್ತೀನಿ.

ಈ "ವ್ಯಕ್ತಿತ್ವ ನೋಡ್ತೀವಿ" ಅನ್ನೋದು ಎಲ್ಲಿಂದ ಬಂತು ಅನ್ನೋದನ್ನೂ ಹೇಳ್ಲೇಬೇಕು, ಯಾಕಂದ್ರೆ ಅದರ ಹುಟ್ಟು ಚೆನ್ನಾಗಿಲ್ಲ. 1920ರ ಸುಮಾರಿಗೆ ಹಾರ್ವರ್ಡಲ್ಲಿ ಹೆಚ್ಚುಕಮ್ಮಿ ಪರೀಕ್ಷೆ ಪಾಸಾದ್ರೆ ಸೀಟು. ವಲಸೆ ಬಂದ ಯಹೂದಿ ಮನೆಗಳ ಮಕ್ಕಳು ಚೆನ್ನಾಗಿ ಓದಿ ಒಳಗೆ ಬರೋಕೆ ಶುರುಮಾಡಿದ್ರು, 1922ರ ಹೊತ್ತಿಗೆ ಐದರಲ್ಲೊಂದು ಭಾಗಕ್ಕಿಂತ ಹೆಚ್ಚಾದ್ರು. ಆಗ ಅಧ್ಯಕ್ಷರಾಗಿದ್ದ ಎ. ಲಾರೆನ್ಸ್ ಲೊವೆಲ್ ನೇರವಾಗಿ ಕೋಟಾ ತರೋಕೆ ನೋಡಿದ್ರು, ಗಲಾಟೆ ಆಯ್ತು, ಆಗ್ಲಿಲ್ಲ. ಅದಾದ ಮೇಲೆ ಅರ್ಜಿಯಲ್ಲಿ ಧರ್ಮ, ಅಮ್ಮನ ತವರಿನ ಹೆಸರು, ಅಪ್ಪ ಹುಟ್ಟಿದ ಊರು, ಮನೆಯವರ ಹೆಸರು ಏನಾದ್ರೂ ಬದಲಾಗಿದೆಯಾ ಅನ್ನೋ ಪ್ರಶ್ನೆಗಳು ಬಂದ್ವು, ಆಮೇಲೆ ಫೋಟೋ ಬಂತು, "ಕ್ಯಾರೆಕ್ಟರ್" ಬಂತು, ಯಹೂದಿ ಮಕ್ಕಳ ಸಂಖ್ಯೆ ಇಳೀತು. ಲೆಗಸಿ ಅಂದ್ರೆ ಹಳೇ ವಿದ್ಯಾರ್ಥಿಗಳ ಮಕ್ಕಳಿಗೆ ಆದ್ಯತೆ ಅನ್ನೋದು ಈ ದೊಡ್ಡ ಕಾಲೇಜುಗಳಲ್ಲಿ ಗಟ್ಟಿಯಾಗಿದ್ದೂ ಇದೇ ಕಾಲದಲ್ಲಿ. ಹಾಗಾಗಿ ಅಂಕ ಬಿಟ್ಟು ಬೇರೇನೋ ನೋಡ್ತೀವಿ ಅಂದಾಗ ಅನುಮಾನ ಬರೋದು ಸಹಜ, ಅನುಮಾನ ಪಡಲೇಬೇಕು. ಕೇಳಬೇಕಾದ ಪ್ರಶ್ನೆ ಒಂದೇ, ಆ "ಬೇರೇನೋ" ಯಾರನ್ನ ಒಳಗೆ ಬಿಡೋಕೆ ಮತ್ತೆ ಯಾರನ್ನ ಹೊರಗಿಡೋಕೆ?

ಈಗ ಏಷ್ಯನ್ ಮಕ್ಕಳ ದೂರು. ಅದು ಸುಳ್ಳು ಅಂತ ನಾನು ಹೇಳಲ್ಲ. ಹಾರ್ವರ್ಡ್ ಕೇಸಲ್ಲಿ ನಂಗೆ ತುಂಬಾ ಚುಚ್ಚಿದ್ದು ಅದೇ. ಓದಿನಲ್ಲೂ ಚಟುವಟಿಕೆಯಲ್ಲೂ ಏಷ್ಯನ್ ಅಮೆರಿಕನ್ ಮಕ್ಕಳ ನಂಬರ್ ಗಟ್ಟಿಯಾಗಿತ್ತು, ಆದ್ರೆ ಆಫೀಸಿನವರು ಕೊಡೋ ವ್ಯಕ್ತಿತ್ವದ ನಂಬರಲ್ಲಿ ಸರಾಸರಿ ಕಡಿಮೆ. ಅದೇ ಮಕ್ಕಳನ್ನ ಎದುರಿಗೆ ಕೂರಿಸ್ಕೊಂಡು ಮಾತಾಡಿಸಿದ ಹಳೇ ವಿದ್ಯಾರ್ಥಿಗಳು ಕೊಟ್ಟ ನಂಬರಲ್ಲಿ ಬಿಳಿಯರಿಗೂ ಇವರಿಗೂ ಅಂಥ ವ್ಯತ್ಯಾಸ ಇರ್ಲಿಲ್ಲ. ಕೆಳ ಕೋರ್ಟಿನ ಜಡ್ಜ್ ಆಲಿಸನ್ ಬರೋಸ್ 2019ರಲ್ಲಿ ಬೇಕಂತಲೇ ಮಾಡಿದ ಭೇದಭಾವ ಅಲ್ಲ ಅಂತ ತೀರ್ಮಾನಿಸಿದ್ರು. ಕಾನೂನಿನ ಮಟ್ಟಿಗೆ ಅದು ಸರಿ ಇರಬಹುದು. ಆದ್ರೆ ಫೈಲ್ ಓದೋ ಕೋಣೆಯಲ್ಲಿ ನಾನೂ ಕೂತಿದ್ದೆ, "ಒಳ್ಳೆ ಹುಡುಗ, ಗಣಿತ, ವಯಲಿನ್, ಇನ್ನೊಬ್ಬ ಇದೇ ಥರದವನು" ಅನ್ನೋ ಮಾತು ಎಷ್ಟು ಸಲೀಸಾಗಿ ಬಾಯಿಂದ ಬರತ್ತೆ ಅಂತ ಕಿವಿಯಾರೆ ಕೇಳಿದೀನಿ. ಆ ಮಗು ಬರೆದದ್ದನ್ನ ಇನ್ನೊಂದ್ಸಲ ಓದಿ ಅಂತ ನಾನು ಕೇಳಬೇಕಿತ್ತು, ಎಲ್ಲಾ ಸಲ ಕೇಳಲಿಲ್ಲ. ಅದು ಇವತ್ತಿಗೂ ಮನಸ್ಸಲ್ಲಿದೆ.

ಆದ್ರೆ ಒಂದು ಮಾತು ಗಮನಿಸಿ. ಏಷ್ಯನ್ ಮಕ್ಕಳನ್ನ ಬಿಳಿಯರಿಗಿಂತ ಕೆಳಗೆ ತೂಗಿದ್ರೆ ಅದು ಬೇರೆ ಅನ್ಯಾಯ, ಬ್ಲ್ಯಾಕ್ ಮಗುವಿನ ದಾರಿಯ ಕಷ್ಟವನ್ನ ಲೆಕ್ಕಕ್ಕೆ ತಗೊಳೋದು ಬೇರೆ ವಿಷಯ. ಎರಡನ್ನೂ ಒಂದೇ ಗಂಟು ಹಾಕಿ ನಮ್ಮ ಕೈಗೆ ಕೊಟ್ಟುಬಿಟ್ಟಿದಾರೆ. ಹಾಗೆ ಗಂಟು ಹಾಕಿರೋದ್ರಿಂದ ನಮ್ಮ ಸಿಟ್ಟೆಲ್ಲಾ ನಿಮ್ಮ ಮಗನ ಫ್ರೆಂಡ್ ಕಡೆ ತಿರುಗತ್ತೆ, ಲೆಗಸಿ ಸೀಟಲ್ಲಿ ಕೂತ ಹುಡುಗನ ಹೆಸರು ಯಾರಿಗೂ ನೆನಪಾಗಲ್ಲ.

ಕಾನೂನು ಎಲ್ಲಿ ನಿಂತಿದೆ ಅಂತ ಚಿಕ್ಕದಾಗಿ ಹೇಳ್ತೀನಿ. 1978ರಲ್ಲಿ ಬಾಕಿ (Bakke) ಅನ್ನೋರ ಕೇಸಲ್ಲಿ, ಕ್ಯಾಲಿಫೋರ್ನಿಯಾದ ಯುಸಿ ಡೇವಿಸ್ ಮೆಡಿಕಲ್ ಸ್ಕೂಲು ಅಲ್ಪಸಂಖ್ಯಾತ ಜನಾಂಗದವರಿಗೆ ಅಂತ 100ರಲ್ಲಿ 16 ಸೀಟು ಬೇರೆ ಇಟ್ಟಿತ್ತು, ಸುಪ್ರೀಂ ಕೋರ್ಟ್ ಕೋಟಾ ಬೇಡ ಅಂತು, ಆದ್ರೆ ಹಲವು ಅಂಶಗಳಲ್ಲಿ ಒಂದಾಗಿ ಜನಾಂಗ ನೋಡಬಹುದು ಅಂತ ಬಾಗಿಲು ಸ್ವಲ್ಪ ತೆರೆದಿಡ್ತು. 2003ರಲ್ಲಿ ಮಿಷಿಗನ್‌ನ ಎರಡು ಕೇಸು: ಡಿಗ್ರಿ ಪ್ರವೇಶಕ್ಕೆ ಜನಾಂಗಕ್ಕೇ 20 ಪಾಯಿಂಟ್ ಕೊಡ್ತಿದ್ದ ಪದ್ಧತಿ ಬಿದ್ದುಹೋಯ್ತು, ಒಂದೊಂದೇ ಫೈಲನ್ನ ಇಡಿಯಾಗಿ ಓದ್ತಿದ್ದ ಲಾ ಸ್ಕೂಲ್ ಪದ್ಧತಿ ಉಳೀತು. ಅಂದ್ರೆ ಅಮೆರಿಕದಲ್ಲಿ ಈ ಕಾಲೇಜುಗಳಲ್ಲಿ "ಮೀಸಲಾತಿ" ಅನ್ನೋ ಅರ್ಥದಲ್ಲಿ ಇಷ್ಟು ಸೀಟು ಇವರಿಗೆ ಅನ್ನೋದು 1978ರಿಂದಲೇ ಇಲ್ಲ, ನಮ್ಮವರಲ್ಲಿ ಬಹಳ ಜನ ಇದನ್ನ ತಪ್ಪು ತಿಳ್ಕೊಂಡಿದಾರೆ. ಆಮೇಲೆ 2023ರ ಜೂನ್ 29ಕ್ಕೆ ಹಾರ್ವರ್ಡ್ ಮತ್ತೆ ನಾರ್ತ್ ಕ್ಯಾರೊಲೈನಾ ವಿಶ್ವವಿದ್ಯಾಲಯದ ಕೇಸಲ್ಲಿ ಆ ಬಾಗಿಲೂ ಮುಚ್ತು. ಜನಾಂಗ ಅನ್ನೋದನ್ನ ಜನಾಂಗ ಅಂತಾನೇ ನೋಡಿ ಅಂಕ ಕೊಡೋ ಹಾಗಿಲ್ಲ. ಆದ್ರೆ ಚೀಫ್ ಜಸ್ಟಿಸ್ ರಾಬರ್ಟ್ಸ್ ಅದೇ ತೀರ್ಪಲ್ಲಿ, ಜನಾಂಗ ತನ್ನ ಬದುಕನ್ನ ಹೇಗೆ ತಟ್ಟಿದೆ ಅಂತ ವಿದ್ಯಾರ್ಥಿ ತಾನೇ ಬರೆದ್ರೆ, ಅದರಿಂದ ಕಾಣೋ ಧೈರ್ಯ, ಛಲ, ಸಾಮರ್ಥ್ಯ ಆ ವ್ಯಕ್ತಿಯದು, ಅದನ್ನ ನೋಡಬಹುದು ಅಂತಾನೂ ಹೇಳಿದಾರೆ. ಎಸ್ಸೇ ಹೆಸರಲ್ಲಿ ಹಳೇ ಪದ್ಧತಿಯನ್ನೇ ಹಿಂಬಾಗಿಲಿಂದ ತರಬೇಡಿ ಅಂತ ಎಚ್ಚರಿಕೆಯನ್ನೂ ಕೊಟ್ಟಿದಾರೆ.

ತೀರ್ಪು ಬಂದ ಮೇಲೆ ನಮ್ಮ ಮಕ್ಕಳಿಗೆ ಸೀಟು ಸುರಿಯತ್ತೆ ಅಂತ ಎಷ್ಟೋ ಮನೆಗಳಲ್ಲಿ ಮಾತಾಡ್ಕೊಂಡ್ರು. ಆಗಿದ್ದೇನು? ಎಂಐಟಿಯಲ್ಲಿ ತೀರ್ಪಿನ ನಂತರದ ಮೊದಲ ಬ್ಯಾಚಲ್ಲಿ ಏಷ್ಯನ್ ಅಮೆರಿಕನ್ ಪಾಲು 40ರಿಂದ 47 ಪರ್ಸೆಂಟಿಗೆ ಏರ್ತು, ಬ್ಲ್ಯಾಕ್ ಮಕ್ಕಳ ಪಾಲು ಹಿಂದಿನ ಸರಾಸರಿ 13ರಿಂದ 5ಕ್ಕೆ ಇಳೀತು. ಆಮ್‌ಹರ್ಸ್ಟ್ ಕಾಲೇಜಲ್ಲಿ ಬ್ಲ್ಯಾಕ್ ಮಕ್ಕಳು 11ರಿಂದ 3 ಪರ್ಸೆಂಟಿಗೆ. ಆದ್ರೆ ನೀವು ಹೆಸರು ಹೇಳಿದ ಯೇಲಲ್ಲಿ? ಬ್ಲ್ಯಾಕ್ ಪಾಲು 14ರಲ್ಲೇ ನಿಂತಿತ್ತು, ಏಷ್ಯನ್ ಪಾಲು 30ರಿಂದ 24ಕ್ಕೆ ಇಳೀತು. ಹಾರ್ವರ್ಡಲ್ಲಿ ಮೊದಲ ವರ್ಷ ಏಷ್ಯನ್ ಪಾಲು ಅಲ್ಲಾಡಲೇ ಇಲ್ಲ. ಒಂದೊಂದು ಕಾಲೇಜು ಒಂದೊಂದು ಥರ. ಕೆಲವರು ಇದನ್ನ ನೋಡಿ ಯೇಲ್ ಮೋಸ ಮಾಡ್ತಿದೆ ಅಂತಾರೆ, ಒಂದು ವರ್ಷದ ಪರ್ಸೆಂಟೇಜ್ ಇಟ್ಕೊಂಡು ಹಾಗೆ ಹೇಳೋಕೆ ಬರಲ್ಲ, ಎಷ್ಟೋ ಮಕ್ಕಳು ಈಗ ಜನಾಂಗದ ಡಬ್ಬಿ ಟಿಕ್ ಮಾಡದೆ ಬಿಡ್ತಾರೆ, ಅದೂ ಲೆಕ್ಕ ಕೆಡಿಸತ್ತೆ. ಮತ್ತೆ ನಿಮ್ಮ ಮಗನ ಫ್ರೆಂಡ್ ಫೈಲ್ ನೀವು ನೋಡಿಲ್ಲ, ನಾನೂ ನೋಡಿಲ್ಲ. ಅವನು ಏನು ಬರೆದ, ಟೀಚರ್ ಅವನ ಬಗ್ಗೆ ಏನಂದ್ರು, ಮನೆಯಲ್ಲಿ ಅವನ ಹೆಗಲ ಮೇಲೆ ಏನಿತ್ತು, ಸ್ಕೋರ್ ಒಂದು ಬಿಟ್ರೆ ನಿಮಗೆ ಗೊತ್ತಿರೋದು ಅವನ ಬಣ್ಣ ಮಾತ್ರ.

ಈಗ ಆ ದೊಡ್ಡ ಬಾಗಿಲಿಗೆ ಬರೋಣ. ಅದೇ ಹಾರ್ವರ್ಡ್ ಕೇಸು, ಅದೇ ದಾಖಲೆ. ಕ್ರೀಡೆಗೆ ಕರೆಸಿಕೊಂಡವರು, ಹಳೇ ವಿದ್ಯಾರ್ಥಿಗಳ ಮಕ್ಕಳು, ಡೀನ್ ಅವರ ವಿಶೇಷ ಪಟ್ಟಿಯಲ್ಲಿರೋರು (ದಾನಿಗಳ ಮನೆ ಮಕ್ಕಳು ಹೆಚ್ಚಾಗಿ ಬರೋದು ಇಲ್ಲಿ), ಮತ್ತೆ ಅಲ್ಲಿಯ ಸಿಬ್ಬಂದಿ ಮಕ್ಕಳು. ಈ ನಾಲ್ಕೂ ಗುಂಪು ಸೇರಿ ಅರ್ಜಿ ಹಾಕಿದವರಲ್ಲಿ 5 ಪರ್ಸೆಂಟ್ ಕೂಡ ಇಲ್ಲ, ಆದ್ರೆ ಸೀಟು ಸಿಕ್ಕವರಲ್ಲಿ 30 ಪರ್ಸೆಂಟಿನ ಹತ್ರ ಇವರೇ. ಸೀಟು ಪಡೆದ ಬಿಳಿ ವಿದ್ಯಾರ್ಥಿಗಳನ್ನಷ್ಟೇ ತಗೊಂಡ್ರೆ 43 ಪರ್ಸೆಂಟಿಗೂ ಮೇಲೆ. ಬ್ಲ್ಯಾಕ್, ಹಿಸ್ಪ್ಯಾನಿಕ್, ಏಷ್ಯನ್ ಯಾವ ಗುಂಪಲ್ಲೂ ಇದು 16 ಪರ್ಸೆಂಟ್ ಮುಟ್ಟಲ್ಲ. ಈ ಬಾಗಿಲು ಇರ್ಲಿಲ್ಲ ಅಂದ್ರೆ ಇದರಿಂದ ಒಳಗೆ ಬಂದ ಬಿಳಿ ವಿದ್ಯಾರ್ಥಿಗಳಲ್ಲಿ ಸುಮಾರು ಮುಕ್ಕಾಲು ಪಾಲು ರಿಜೆಕ್ಟ್ ಆಗ್ತಿದ್ರು ಅಂತ ಲೆಕ್ಕ ಹಾಕಿದವರು ಡ್ಯೂಕ್ ವಿಶ್ವವಿದ್ಯಾಲಯದ ಪೀಟರ್ ಆರ್ಸಿಡಿಯಾಕೊನೊ ಮತ್ತೆ ಅವರ ಜೊತೆಗಾರರು. ಅವರು ಯಾರು ಗೊತ್ತಾ? ಏಷ್ಯನ್ ಮಕ್ಕಳ ಪರ ಅಂತ ಹಾರ್ವರ್ಡ್ ಮೇಲೆ ಕೇಸ್ ಹಾಕಿದವರ ಕಡೆಯ ತಜ್ಞ ಸಾಕ್ಷಿ. ತೀರ್ಪಿನ ಪರ ನಿಂತ ಜಸ್ಟಿಸ್ ಗೋರ್ಸಚ್ ಕೂಡ ತಮ್ಮ ಪ್ರತ್ಯೇಕ ಅಭಿಪ್ರಾಯದಲ್ಲಿ ಈ ದಾನಿ-ಲೆಗಸಿ ಆದ್ಯತೆಗಳ ಬಗ್ಗೆ ಬರೆದಿದಾರೆ.

ಕ್ರೀಡೆ ಅಂದ ತಕ್ಷಣ ಬಡವರ ಮನೆಯ ಬಾಸ್ಕೆಟ್‌ಬಾಲ್ ಹುಡುಗ ಕಣ್ಮುಂದೆ ಬರ್ತಾನೆ, ಅಂಥವರೂ ಇದಾರೆ, ಆದ್ರೆ ಸ್ಕ್ವಾಶ್, ದೋಣಿ ಓಟ, ಫೆನ್ಸಿಂಗ್, ಹಾಯಿದೋಣಿ ಇವಕ್ಕೂ ಟೀಮ್ ಬೇಕು ಇವರಿಗೆ, ಅವನ್ನ ಕಲಿಸೋ ಸ್ಕೂಲು ಎಲ್ಲಿರತ್ತೆ, ಕೋಚಿಗೆ ಎಷ್ಟು ದುಡ್ಡು ಬೇಕು, ವೀಕೆಂಡ್ ಟೂರ್ನಮೆಂಟಿಗೆ ಕಾರಲ್ಲಿ ಕರ್ಕೊಂಡು ಹೋಗೋಕೆ ಯಾವ ಅಪ್ಪ ಅಮ್ಮನಿಗೆ ಬಿಡುವಿರತ್ತೆ ಅಂತ ನೀವೇ ಯೋಚಿಸಿ. ಹಾರ್ವರ್ಡಲ್ಲಿ ಕ್ರೀಡೆಗೆ ಕರೆಸಿಕೊಂಡವರಲ್ಲಿ 86 ಪರ್ಸೆಂಟ್ ಜನಕ್ಕೆ ಸೀಟು ಸಿಕ್ಕಿದೆ. 2019ರಲ್ಲಿ ಬಯಲಾದ ವಾರ್ಸಿಟಿ ಬ್ಲೂಸ್ ಹಗರಣದಲ್ಲಿ ರಿಕ್ ಸಿಂಗರ್ ಅನ್ನೋ ಏಜೆಂಟು ಆಟವನ್ನೇ ಆಡದ ಮಕ್ಕಳನ್ನ ಆಟಗಾರರು ಅಂತ ತೋರಿಸಿ, ಕೋಚ್‌ಗಳಿಗೆ ಲಂಚ ಕೊಟ್ಟು ಸೀಟು ಕೊಡಿಸಿದ್ದ, ಯಾಕಂದ್ರೆ ಯಾವ ಕಡೆ ಬಾಗಿಲು ಸಡಿಲ ಇದೆ ಅಂತ ಅವನಿಗೆ ಚೆನ್ನಾಗಿ ಗೊತ್ತಿತ್ತು. ಅವನಿಗೆ 2023ರಲ್ಲಿ ಮೂರೂವರೆ ವರ್ಷ ಜೈಲಾಯ್ತು. ಆದ್ರೆ ಲಂಚ ಕೊಡದೆ, ಕಾನೂನಿನ ಒಳಗೇ, ದುಡ್ಡಿದ್ದವರಿಗೆ ಸಿಗ್ತಿರೋ ಅನುಕೂಲದ ಮುಂದೆ ಆ ಹಗರಣ ತುಂಬಾ ಚಿಕ್ಕದು.

ಎಷ್ಟು ಅನುಕೂಲ ಅಂದ್ರೆ, ರಾಜ್ ಚೆಟ್ಟಿ, ಡೇವಿಡ್ ಡೆಮಿಂಗ್, ಜಾನ್ ಫ್ರೀಡ್‌ಮನ್ 2023ರಲ್ಲಿ ಹೊರತಂದ ಅಧ್ಯಯನ ನೋಡಿ. ಎಂಟು ಐವಿ ಕಾಲೇಜು (ಹಾರ್ವರ್ಡ್, ಯೇಲ್ ಥರದ ಹಳೇ ಖಾಸಗಿ ವಿಶ್ವವಿದ್ಯಾಲಯಗಳು), ಜೊತೆಗೆ ಸ್ಟ್ಯಾನ್‌ಫೋರ್ಡ್, ಎಂಐಟಿ, ಡ್ಯೂಕ್, ಶಿಕಾಗೋ. ಇಬ್ಬರು ಮಕ್ಕಳಿಗೆ ಒಂದೇ ಎಸ್‌ಎಟಿ ಸ್ಕೋರ್ ಇದೆ ಅಂತಿಟ್ಕೊಳ್ಳಿ, ಒಬ್ಬರದ್ದು ಮಧ್ಯಮ ವರ್ಗ, ಇನ್ನೊಬ್ಬರದ್ದು ದೇಶದ ಅತಿ ಶ್ರೀಮಂತ 1 ಪರ್ಸೆಂಟ್ ಮನೆ. ಆ ಶ್ರೀಮಂತ ಮಗು ಈ ಕಾಲೇಜುಗಳಿಗೆ ಸೇರೋ ಸಾಧ್ಯತೆ ಎರಡು ಪಟ್ಟಿಗೂ ಮೇಲೆ. ಒಳಗೆ ಬಿಡೋದ್ರಲ್ಲಿ ಸಿಗೋ ಅನುಕೂಲದಲ್ಲಿ ಅರ್ಧದ ಹತ್ರ ಲೆಗಸಿಯಿಂದ, ಉಳಿದದ್ದು ಕ್ರೀಡೆಯಿಂದ ಮತ್ತೆ ಖಾಸಗಿ ಸ್ಕೂಲುಗಳಲ್ಲಿ ಚೆನ್ನಾಗಿ ರೂಪಿಸಿಕೊಡೋ ಓದಿನಾಚೆಯ ರೇಟಿಂಗಿಂದ. ಇನ್ನೂ ಮುಖ್ಯ ಏನಂದ್ರೆ ಈ ಮೂರೂ ಅಂಶ ಮುಂದೆ ಮಗು ಚೆನ್ನಾಗಿ ಮಾಡತ್ತೆ ಅಂತ ಸೂಚಿಸಲ್ಲ, ಓದಿನ ಸಾಧನೆ ಸೂಚಿಸತ್ತೆ. ಒಂದೇ ಸ್ಕೋರ್, ಅರ್ಧ ಅವಕಾಶ. ನೀವು ನಿಮ್ಮ ಮಗನ ಬಗ್ಗೆ ಹೇಳ್ತಿದ್ದ ಮಾತು ಇದೇ ಅಲ್ವಾ? ಅದನ್ನ ನಿಜಕ್ಕೂ ಅನುಭವಿಸ್ತಿರೋರು ಮಧ್ಯಮ ವರ್ಗದವರು, ಬಿಳಿಯರೂ, ಬ್ಲ್ಯಾಕ್ ಮನೆಯವರೂ, ನೀವೂ.

ಮೇಲ್ನೋಟಕ್ಕೆ ಕಾಣದ ಇನ್ನೊಂದು ಬಾಗಿಲು ಹಲವು ಕಾಲೇಜುಗಳಲ್ಲಿರೋ ಅರ್ಲಿ ಡಿಸಿಷನ್. ನವೆಂಬರಲ್ಲೇ ಅರ್ಜಿ ಹಾಕಿ, ಸಿಕ್ಕರೆ ಬಂದೇ ಬರ್ತೀನಿ ಅಂತ ಮಗು, ಅಪ್ಪ ಅಮ್ಮ, ಕೌನ್ಸೆಲರ್ ಮೂವರೂ ಸಹಿ ಹಾಕೋದು. ಆಗ ಸಿಗೋ ಸಾಧ್ಯತೆ ಜಾಸ್ತಿ. ನಾಲ್ಕು ಕಾಲೇಜು ಕೊಡೋ ಹಣದ ಸಹಾಯ ಹೋಲಿಸಿ ನೋಡಿಯೇ ತೀರ್ಮಾನ ಮಾಡಬೇಕಾದ ಮನೆಯವರು ಹೇಗೆ ಸಹಿ ಹಾಕ್ತಾರೆ? ಹಾಕೋಕಾಗಲ್ಲ. ಜೊತೆಗೆ ಸರ್ಕಾರಿ ಸ್ಕೂಲುಗಳಲ್ಲಿ ಒಬ್ಬ ಕೌನ್ಸೆಲರಿಗೆ ಸರಾಸರಿ 400 ಮಕ್ಕಳ ಹತ್ರ ಇರ್ತಾರೆ, ಅರ್ಲಿ ಡಿಸಿಷನ್ ಅನ್ನೋದೊಂದು ಇದೆ ಅಂತ ಹೇಳೋಕೂ ಆ ಪಾಪದವರಿಗೆ ಟೈಮಿರಲ್ಲ.

ಇಷ್ಟೆಲ್ಲಾ ಹೇಳಿದ ಮೇಲೂ ನೀವು ಕೇಳಬಹುದು, ಸರಿ ಲೆಗಸಿ ತಪ್ಪು, ಆದ್ರೆ ಡೈವರ್ಸಿಟಿ ಯಾಕೆ ಬೇಕು, ಅಂಕ ಜಾಸ್ತಿ ಇರೋರಿಗೆ ಕೊಟ್ಟು ಮುಗಿಸಿ ಅಂತ. ನನ್ನ ಉತ್ತರ ಒಂದು ಫೈಲಿನಿಂದ ಬರತ್ತೆ. ಒಂದು ಹುಡುಗಿ, ಸ್ಕೋರ್ 1380, ಆ ವರ್ಷ ನಮ್ಮ ಟೇಬಲ್ಲಿಗೆ ಬಂದವರಲ್ಲಿ ಕೆಳಗಿನ ಸಾಲು. ಅವಳ ಸ್ಕೂಲಲ್ಲಿ ಇದ್ದದ್ದು ಮೂರೇ ಎಪಿ ಕೋರ್ಸ್, ಮೂರನ್ನೂ ತಗೊಂಡಿದ್ಲು. ಸಂಜೆ ಅಂಗಡಿಯಲ್ಲಿ ಕ್ಯಾಶ್ ಕೌಂಟರಲ್ಲಿ ಕೆಲಸ, ಅದನ್ನ "ಚಟುವಟಿಕೆ" ಅಂತ ಬರೀಬಹುದು ಅಂತಾನೇ ಅವಳಿಗೆ ಗೊತ್ತಿರ್ಲಿಲ್ಲ, ಟೀಚರ್ ಕಾಗದದಲ್ಲಿ ಒಂದು ಸಾಲಲ್ಲಿ ಬಂದಿತ್ತು. ಆ ಸ್ಕೂಲಿನ ಸರಾಸರಿಗಿಂತ ಅವಳ ಸ್ಕೋರ್ ಎಷ್ಟೋ ಮೇಲೆ. ಅವಳು ಹತ್ತಿದ ಮೆಟ್ಟಿಲು, ಹನ್ನೊಂದು ಎಪಿ ಇರೋ ಸ್ಕೂಲಲ್ಲಿ ಹನ್ನೊಂದೂ ತಗೊಂಡವರು ಹತ್ತಿದ ಮೆಟ್ಟಿಲು, ಎರಡನ್ನೂ ಒಂದೇ ಅಳತೆಗೋಲಲ್ಲಿ ಅಳೀತೀನಿ ಅನ್ನೋದು ನ್ಯಾಯ ಅಂತ ನಂಗೆ ಅನ್ನಿಸಲ್ಲ. ಅವಳನ್ನ ತಗೊಂಡ್ವಿ. ಅವಳು ಯಾವ ಜನಾಂಗ ಅಂತ ನಾನು ಬೇಕಂತಲೇ ಹೇಳ್ತಿಲ್ಲ.

ಇದಕ್ಕೆ ಇನ್ನೊಂದು ಮಗ್ಗುಲೂ ಇದೆ, ಅದು ನಿಮಗೆ ಸಮಾಧಾನ ಕೊಡಬಹುದು. ಸ್ಟೇಸಿ ಡೇಲ್ ಮತ್ತೆ ಆಲನ್ ಕ್ರೂಗರ್ ಅನ್ನೋ ಇಬ್ಬರು ಸಂಶೋಧಕರು 2002ರಲ್ಲಿ ತೋರಿಸಿದ ವಿಷಯ: ದೊಡ್ಡ ಕಾಲೇಜಿಗೆ ಅರ್ಜಿ ಹಾಕುವಷ್ಟು ಸಾಮರ್ಥ್ಯ, ಆಸೆ ಇದ್ದು ಬೇರೆ ಕಡೆ ಓದಿದ ಮಕ್ಕಳ ಮುಂದಿನ ಸಂಪಾದನೆ ಸರಾಸರಿಯಲ್ಲಿ ಅಂಥ ಕಡಿಮೆ ಆಗಲ್ಲ. ಆದ್ರೆ ಬಡ ಮನೆಯ ಮಕ್ಕಳಿಗೆ, ಮುಂದಿನ ಅಧ್ಯಯನದಲ್ಲಿ ಬ್ಲ್ಯಾಕ್ ಮತ್ತೆ ಹಿಸ್ಪ್ಯಾನಿಕ್ ಮಕ್ಕಳಿಗೆ, ಅಪ್ಪ ಅಮ್ಮ ಹೆಚ್ಚು ಓದದ ಮಕ್ಕಳಿಗೆ, ಆ ಕಾಲೇಜಿಂದ ನಿಜಕ್ಕೂ ವ್ಯತ್ಯಾಸ ಆಗತ್ತೆ. ಚೆಟ್ಟಿ ಅವರ ಅಧ್ಯಯನದಲ್ಲೂ ಸರಾಸರಿ ಆದಾಯದಲ್ಲಿ ದೊಡ್ಡ ಫರಕಿಲ್ಲ, ಆದ್ರೆ ಸಮಾಜದ ತುತ್ತತುದಿಗೆ ಏರೋ ಸಾಧ್ಯತೆಯಲ್ಲಿ, ದೊಡ್ಡ ಸಂಸ್ಥೆಗಳಿಗೆ ಸೇರೋದ್ರಲ್ಲಿ ಇದೆ. ಅಂದ್ರೆ ಮನೆಯಲ್ಲಿ ಇಬ್ಬರು ಓದಿದ ತಂದೆತಾಯಿ ಇರೋ ನಿಮ್ಮ ಮಗ ರಟ್ಗರ್ಸಿಂದ ಹೋಗಿ ಮುಟ್ಟೋ ಜಾಗ ಹೆಚ್ಚುಕಡಿಮೆ ಅದೇ. ಯಾರಿಗೆ ಆ ಸೀಟಿಲ್ಲದೆ ಆ ಜಾಗ ಸಿಗೋದೇ ಇಲ್ವೋ ಅವರಿಗೆ ಅದರ ಬೆಲೆ ಬೇರೆ. ದೇಶ ನಡೆಸೋರನ್ನ, ಜಡ್ಜುಗಳನ್ನ, ಕಂಪನಿ ಮುಖ್ಯಸ್ಥರನ್ನ ಇಷ್ಟು ಸಂಖ್ಯೆಯಲ್ಲಿ ತಯಾರು ಮಾಡೋ ಹತ್ತಾರು ಕಾಲೇಜುಗಳಲ್ಲಿ ಒಂದೇ ಥರದ ಮನೆಯ ಮಕ್ಕಳು ತುಂಬ್ಕೊಂಡ್ರೆ ಅದರ ನಷ್ಟ ಆ ಕ್ಯಾಂಪಸ್ಸಿಗೆ ಮಾತ್ರ ಅಲ್ಲ.

ಪರೀಕ್ಷೆ ತೆಗೆದುಬಿಟ್ರೆ ನ್ಯಾಯ ಬರತ್ತೆ ಅನ್ನೋರ ಜೊತೆ ನಾನು ಇಲ್ಲ. ಕೋವಿಡ್ ಹೊತ್ತಲ್ಲಿ ಹೆಚ್ಚುಕಮ್ಮಿ ಎಲ್ಲರೂ ಎಸ್‌ಎಟಿ ಐಚ್ಛಿಕ ಅಂದ್ರು. 2024ರಲ್ಲಿ ಡಾರ್ಟ್‌ಮತ್ ಅದನ್ನ ವಾಪಸ್ ಕಡ್ಡಾಯ ಮಾಡ್ತು, ಕಾರಣ ಏನಂದ್ರೆ ಬಡ ಮನೆಯ ಮಕ್ಕಳು 1400ರ ಸುತ್ತ ಇರೋ ಸ್ಕೋರನ್ನ ಇದು ಸಾಲಲ್ಲ ಅಂತ ಮುಚ್ಚಿಡ್ತಿದ್ರು, ಕಳಿಸಿದ್ದಿದ್ರೆ ಅವರ ಸ್ಕೂಲಿನ ಹಿನ್ನೆಲೆಯಲ್ಲಿ ಅದೇ ಅವರನ್ನ ಒಳಗೆ ತರ್ತಿತ್ತು. ಎಂಐಟಿ 2022ರಲ್ಲೇ ಮರಳಿತ್ತು, ಆಮೇಲೆ ಯೇಲ್, ಬ್ರೌನ್, ಹಾರ್ವರ್ಡ್. ಪರೀಕ್ಷೆ ಇರ್ಲಿ, ಅದನ್ನ ಮಗು ಬೆಳೆದ ಜಾಗದ ಜೊತೆ ಇಟ್ಟು ಓದಿ. ಟೆಕ್ಸಸ್ 1997ರಲ್ಲಿ ಇನ್ನೊಂದು ದಾರಿ ಹಿಡೀತು, ಪ್ರತಿ ಹೈಸ್ಕೂಲಿನ ಮೇಲಿನ 10 ಪರ್ಸೆಂಟ್ ಮಕ್ಕಳಿಗೆ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ನೇರ ಪ್ರವೇಶ, ಈಗ ಆಸ್ಟಿನ್ ಕ್ಯಾಂಪಸ್ಸಿಗೆ ಅದು 5 ಪರ್ಸೆಂಟಿಗೆ ಇಳಿದಿದೆ. ಚೆನ್ನಾಗಿದೆ, ಆದ್ರೆ ಅದು ಕೆಲಸ ಮಾಡೋದೇ ಸ್ಕೂಲುಗಳು ಜನಾಂಗದ ಪ್ರಕಾರ ಬೇರೆಬೇರೆ ಆಗಿರೋದ್ರಿಂದ, ಅದು ಸಂತೋಷ ಪಡೋ ವಿಷಯ ಅಲ್ಲ.

ನನ್ನನ್ನ ಕೇಳಿದ್ರೆ ಮೊದಲು ಲೆಗಸಿ ಹೋಗಬೇಕು. ಹೋದ್ರೆ ಆಕಾಶ ಕಳಚಿ ಬೀಳಲ್ಲ. ಜಾನ್ಸ್ ಹಾಪ್‌ಕಿನ್ಸ್ ಸದ್ದಿಲ್ಲದೆ ನಿಲ್ಲಿಸ್ತು: 2009ರಲ್ಲಿ ಹೊಸ ಬ್ಯಾಚಲ್ಲಿ 12.5 ಪರ್ಸೆಂಟ್ ಲೆಗಸಿ ಇದ್ದದ್ದು 2019ಕ್ಕೆ 3.5, ಬಡವರಿಗೆ ಸಿಗೋ ಪೆಲ್ ಗ್ರಾಂಟಿಗೆ ಅರ್ಹರಾದ ಮಕ್ಕಳು 9ರಿಂದ 19 ಪರ್ಸೆಂಟಿಗೆ ಏರಿದ್ರು, ಕಾಲೇಜಿನ ಹೆಸರೇನೂ ಕೆಡಲಿಲ್ಲ. ಎಂಐಟಿ ಲೆಗಸಿ ನೋಡೋದೇ ಇಲ್ಲ. ಆಮ್‌ಹರ್ಸ್ಟ್ 2021ರಲ್ಲಿ ಬಿಡ್ತು. ಕ್ಯಾಲಿಫೋರ್ನಿಯಾ 2024ರಲ್ಲಿ ಖಾಸಗಿ ಕಾಲೇಜುಗಳಿಗೂ ಸೇರಿಸಿ ನಿಷೇಧದ ಕಾನೂನು ಮಾಡ್ತು. ಆಮೇಲೆ ಸೀಟು ಹೆಚ್ಚಿಸ್ಬೇಕು, ಅರ್ಜಿ ಎಷ್ಟು ಪಟ್ಟು ಏರಿದ್ರೂ ಹಾರ್ವರ್ಡ್ ಹೊಸ ಬ್ಯಾಚು ದಶಕಗಳಿಂದ 1,600–1,700ರ ಸುತ್ತಾನೇ ಇದೆ, ಸೀಟು ಸಾಲ್ತಿಲ್ಲ ಅಂತ ಮಕ್ಕಳು ಒಬ್ಬರನ್ನೊಬ್ಬರು ನೋಡಿ ಹೊಟ್ಟೆ ಉರ್ಕೊಳೋ ಹಾಗೆ ಮಾಡಿರೋದು ಅವರೇ.

ಈಗ ಮಗಳು. ದಯವಿಟ್ಟು ಭರತನಾಟ್ಯ ಬಿಡಿಸಬೇಡಿ. ಅವಳಿಗೇ ಬೇಡ ಅಂದ್ರೆ ಬೇರೆ, ಯಾರೋ ಓದೋ ಫೈಲಿಗೋಸ್ಕರ ಬೇಡ. ಹದಿನೈದು ವರ್ಷದ ಮಗುವಿಗೆ "ನೀನು ನೀನಾಗಿ ಕಾಣಬೇಡ" ಅಂತ ಮನೆಯಲ್ಲೇ ಹೇಳಿಕೊಟ್ರೆ, ಯಾವ ಕಾಲೇಜು ಸಿಕ್ಕರೂ ಅದು ವಾಸಿ ಆಗಲ್ಲ. ಕಾಮನ್ ಆ್ಯಪಲ್ಲಿ (ಹಲವು ಕಾಲೇಜಿಗೆ ಒಂದೇ ಕಡೆ ಅರ್ಜಿ ಹಾಕೋ ಆನ್‌ಲೈನ್ ಫಾರ್ಮ್) ಜನಾಂಗದ ಪ್ರಶ್ನೆಗೆ ಉತ್ತರ ಕೊಡೋದು ಕಡ್ಡಾಯ ಅಲ್ಲ, ಮತ್ತೆ ತೀರ್ಪಾದ ಮೇಲೆ ಆ ಉತ್ತರ ಕಾಣದ ಹಾಗೆ ಮಾಡ್ಕೊಳೋ ಅವಕಾಶ ಕಾಲೇಜುಗಳಿಗಿದೆ, ಹಾಗಾಗಿ ಆ ಟಿಕ್ಕಿನ ಬಗ್ಗೆ ನಿದ್ದೆ ಕೆಡಿಸ್ಕೋಬೇಡಿ. ಹೆಸರು ನೋಡಿದ್ರೆ ಗೊತ್ತಾಗತ್ತೆ, ಗೊತ್ತಾಗ್ಲಿ. ಎಸ್ಸೇಯಲ್ಲಿ "ಕಷ್ಟದ ಕಥೆ" ಹುಡುಕಿ ಬರೀಬೇಕು ಅಂತ ಕೆಲವು ಏಜೆಂಟುಗಳು ಹೇಳ್ತಾರೆ, ಇಲ್ಲದ ಕಷ್ಟ ಬರೆದ್ರೆ ಓದೋರಿಗೆ ಎರಡನೇ ಪ್ಯಾರಾದಲ್ಲೇ ಗೊತ್ತಾಗತ್ತೆ. ನಾನು ಓದಿದವುಗಳಲ್ಲಿ ನೆನಪಲ್ಲಿ ಉಳಿದಿರೋದು ದೊಡ್ಡ ಘಟನೆ ಅಲ್ಲ, ಒಬ್ಬ ಮನುಷ್ಯ ಯೋಚಿಸ್ತಿರೋದು ಕಾಣಿಸಿದ ಎಸ್ಸೇಗಳು. ಒಂದು ಅಡವು ಎರಡು ವರ್ಷ ಸರಿಯಾಗದೆ ಯಾಕೆ ಸತಾಯಿಸ್ತು ಅಂತ ಅವಳು ನಿಜವಾಗಿ ಬರೆದ್ರೆ ಅದು ಸಾಕು, "ನನ್ನ ಸಂಸ್ಕೃತಿ ನನ್ನ ಹೆಮ್ಮೆ" ಅನ್ನೋ ಪ್ರಬಂಧ ಬೇಡ.

ಮತ್ತೆ ಎಂಟು ಕನಸಿನ ಕಾಲೇಜಿನ ಪಟ್ಟಿ ಬೇಡ. ಎರಡೋ ಮೂರೋ ಅಂಥವು ಇರ್ಲಿ, ಉಳಿದದ್ದು ಅವಳಿಗೆ ಸಿಗೋ ಸಾಧ್ಯತೆ ಚೆನ್ನಾಗಿರೋ, ಅವಳಿಗೆ ಇಷ್ಟವಾದ ವಿಷಯ ಚೆನ್ನಾಗಿ ಕಲಿಸೋ ಜಾಗಗಳಾಗ್ಲಿ. ಪಟ್ಟಿ ಮಾಡುವಾಗ ಒಂದು ಕೆಲಸ ಮಾಡಿ: ಬಹುತೇಕ ಕಾಲೇಜುಗಳು ಪ್ರತಿ ವರ್ಷ ಕಾಮನ್ ಡೇಟಾ ಸೆಟ್ ಅಂತ ಒಂದು ದಾಖಲೆ ಹೊರಹಾಕ್ತವೆ, ಅದರಲ್ಲಿ ಸಿ7 ಅನ್ನೋ ಭಾಗ ತೆಗೀರಿ. ಅಂಕ, ಎಸ್ಸೇ, ಸಂದರ್ಶನ, ಕೆಲಸದ ಅನುಭವ, ಹಳೇ ವಿದ್ಯಾರ್ಥಿಗಳ ಸಂಬಂಧ, ಒಂದೊಂದಕ್ಕೂ ಆ ಕಾಲೇಜು ಎಷ್ಟು ತೂಕ ಕೊಡತ್ತೆ ಅಂತ ಅವರೇ ಟಿಕ್ ಮಾಡಿರ್ತಾರೆ. ಮಗಳನ್ನ ಪಕ್ಕದಲ್ಲಿ ಕೂರಿಸ್ಕೊಂಡು, ಮಗನನ್ನೂ ಕರ್ಕೊಂಡು, ಅವನು ಹಾಕಿದ್ದ ಆ ಎಂಟು ಕಾಲೇಜುಗಳದ್ದನ್ನೇ ಮೊದಲು ತೆಗೆದು "ಹಳೇ ವಿದ್ಯಾರ್ಥಿಗಳ ಸಂಬಂಧ" ಅನ್ನೋ ಸಾಲಿನ ಎದುರು ಏನಿದೆ ಅಂತ ಓದಿ.